'ಅರವತ್ತು ದಿನ'ದ ಅಡಿಯ ಕೆಂಪು ಗೆರೆ

ಮ್ಯಾಡಿಸನ್,
ಅಕ್ಟೋಬರ್ ೧೪

ನನ್ನ ಮುದ್ದಿನ ಅಮ್ಮಾ,

ಕೂತು ಓದು. ನನಗಂತೂ ಬೆಳಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ನಿನ್ನೆ ನಮ್ಮ ಆಡಳಿತ ಕಾನೂನು ಅಧ್ಯಾಪಕರ ಸಮ್ಮೇಳನವಿತ್ತು. ನಮ್ಮ ಅಧ್ಯಯನ ಮುಂದೆ ಎತ್ತ ಸಾಗಬೇಕು ಎಂಬುದೇ ಚರ್ಚೆ. ಸರ್ಕಾರಿ ಇಲಾಖೆಯ ಮಾತಿಗೆ ನ್ಯಾಯಾಧೀಶರು ಎಷ್ಟು ಬೆಲೆ ಕೊಡಬೇಕು ಎಂದು ಎಲ್ಲರೂ ಹಳೆಯ ಹಿಟ್ಟನ್ನೇ ಮತ್ತೆ ರುಬ್ಬಿದರು. ನಾನು ಕೋರ್ಟಿನ ಮೆಟ್ಟಿಲನ್ನೇ ಹತ್ತದ ಜನರ ಬಗ್ಗೆ ಮಾತಾಡಿದೆ. ಅಂಗವಿಕಲರ ಪಿಂಚಣಿ ಕಚೇರಿಯ ಹಳೆಯ ಕಡತಗಳನ್ನು ಅನುಮತಿ ಪಡೆದು ಎರಡು ವರ್ಷ ಓದಿದ್ದೆನಲ್ಲ, ಅದರಲ್ಲಿ ಕಂಡದ್ದನ್ನೇ ಹೇಳಿದೆ.

ಅಮ್ಮಾ, ಅಲ್ಲಿ ಏನು ಸಿಕ್ಕಿತು ಗೊತ್ತೇ? 'ಅರ್ಜಿ ತಿರಸ್ಕೃತ' ಎಂಬ ಕಾಗದಗಳ ನಾಲ್ಕನೇ ಪುಟದಲ್ಲಿ, ಅರವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಎಂಬ ಸಾಲು. ಕೆಲವು ಕಾಗದಗಳಲ್ಲಿ ಮಾತ್ರ ಅದರ ಕೆಳಗೆ ಕೆಂಪು ಪೆನ್ಸಿಲ್ ಗೆರೆ, ಅರ್ಜಿದಾರರಿಗೆ ಹೋದ ಪ್ರತಿಯಲ್ಲೂ ಕಡತದ ಪ್ರತಿಯಲ್ಲೂ. ಮೂಲೆಯಲ್ಲಿ ಗುಮಾಸ್ತೆಯ ಸಹಿ, ನಿನ್ನದು! ಗೆರೆ ಇದ್ದವರಲ್ಲಿ ಮೇಲ್ಮನವಿ ಹಾಕಿದವರು ಇಲ್ಲದವರ ಎರಡರಷ್ಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೆದ್ದಿದ್ದಾರೆ. ಕಾಗದದ ಮೇಲೆ ಗೀಚಬೇಡ ಎಂದು ಮೇಲಧಿಕಾರಿ ಗದರಿದ ಟಿಪ್ಪಣಿಯೂ ಅಲ್ಲೇ ಇತ್ತು. ಆಮೇಲೂ ನೀನು ನಿಲ್ಲಿಸಿಲ್ಲ.

ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಎದ್ದರು. ನನ್ನ ಕೆಲಸ ಕಾಯಂ ಆಗುವುದು ಅವರ ಕೈಯಲ್ಲಿದೆ.

"ಪೆನ್ಸಿಲ್ ಗೆರೇಲಿ ಕಾನೂನು ಎಲ್ಲಿದೆಯಮ್ಮಾ?" ಎಂದರು. ಸಭೆ ನಕ್ಕಿತು.

ಆದರೂ ಹೇಳಿದೆ: "ಆ ಅರವತ್ತು ದಿನ ಕಾನೂನೇ ಅಲ್ವಾ ಸರ್? ಇದೆ ಅಂತಾನೇ ಗೊತ್ತಾಗದ ಹಕ್ಕು ಇದ್ದರೆಷ್ಟು, ಬಿಟ್ಟರೆಷ್ಟು? ಈಗ ಆ ಕಾಗದ ಕಂಪ್ಯೂಟರೇ ಬರೆಯುತ್ತೆ. ಅದಕ್ಕೆ ಗೆರೆ ಎಳೆಯೋರು ಯಾರು? ನಾವು ಮುಂದೆ ಕೇಳಬೇಕಾದ್ದು ಇದನ್ನೇ."

ಪ್ರೊಫೆಸರ್ ಕನ್ನಡಕ ತೆಗೆದು ನನ್ನ ಅಂಕಿಅಂಶದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. "ಒಂಬತ್ತು ಪುಸ್ತಕ ಬರೆದೆ ಕಣಮ್ಮಾ. ಒಂದೇ ಒಂದು ಕಡತ ಬಿಚ್ಚಿ ನೋಡ್ಲಿಲ್ಲ," ಎಂದರು. ಆಮೇಲೆ, "ಮುಂದಿನ ವರ್ಷ ಇದನ್ನ ಹೊಸ ಕೋರ್ಸ್ ಮಾಡಿ ಪಾಠ ಮಾಡ್ತೀಯಾ?"

ಮಾಡ್ತೀನಿ ಎಂದು ಕೂಗಿಯೇ ಬಿಟ್ಟೆ! ಕಾಯಂ ಆಗುವುದು ಇನ್ನೂ ಖಾತ್ರಿಯಿಲ್ಲ. ಆದರೆ ಊಟದ ಹೊತ್ತಿಗೆ ನಾಲ್ವರು ಬಂದು ತಮ್ಮ ಊರಿನ ಕಡತಗಳನ್ನೂ ಹೀಗೇ ಓದುವುದಾಗಿ ಹೇಳಿದರು.

ನಿನ್ನ,
ಮಾರ್ಗಿಟ್

ಮರೆತ ಮಾತಲ್ಲ, ಮುಚ್ಚಿಟ್ಟದ್ದು: ನನ್ನಮ್ಮ ವಕೀಲೆ ಎಂದು ಹನ್ನೊಂದು ವರ್ಷದಿಂದ ಇಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ನಿನ್ನೆ ಆ ಗುಮಾಸ್ತೆ ಯಾರೆಂದು ಒಬ್ಬರು ಕೇಳಿದರು. "ನನ್ನಮ್ಮ," ಎಂದೆ.