ಹೈಪರ್ಬೊಲಿಗೆ ನಾನು ಬರೆದ ಉದಾಹರಣೆ

ಭಾನುಪ್ರಿಯಾ ಮಿಸ್ ಅವರಿಗೆ,

ನಮಸ್ಕಾರ. ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಆಗಲಿಲ್ಲ, ಬೈಯಬೇಡಿ.

ಟೆಸ್ಟಿನಲ್ಲಿ ಹೈಪರ್ಬೊಲಿಗೆ ಸ್ವಂತ ಉದಾಹರಣೆ ಕೇಳಿದ್ದಿರಿ. ಏನು ಬರೆಯಬೇಕೋ ತಿಳಿಯದೆ ‘ನಮ್ಮ ಅಮ್ಮಿಯ ಬೆರಳುಗಳಲ್ಲಿ ಗೆರೆಗಳೇ ಇಲ್ಲ’ ಎಂದು ಬರೆದೆ. ನೀವು ಪೂರ್ತಿ ಅಂಕ ಕೊಟ್ಟು, ಶನಿವಾರ ಪೋಷಕರ ಸಭೆಯಲ್ಲಿ ಓದು ಅಂದಿರಿ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಹೈಪರ್ಬೊಲಿ ಅಂದರೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು ಅಂತ ನನ್ನ ಗೆಳತಿ ನಾಹಿದ್ ಆಮೇಲೆ ಹೇಳಿದಳು. ನೀವು ಆ ಪಾಠ ಮಾಡಿದ ದಿನ ನಾನು ಬಂದಿರಲಿಲ್ಲ. ರಜಾ ಚೀಟಿಯಲ್ಲಿ ಜ್ವರ ಎಂದು ಬರೆದದ್ದು ಸುಳ್ಳು ಮಿಸ್. ಅಮ್ಮಿ ಹದಿನಾರು ವರ್ಷದಿಂದ ರೀಲಿಂಗ್ ಶೆಡ್ಡಿನಲ್ಲಿ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ತೆಗೆಯುತ್ತಾಳೆ. ರೇಷನ್ ಅಂಗಡಿಯ ಮಿಷನ್ನು ಅವಳ ಬೆರಳು ತೆಗೆದುಕೊಳ್ಳುವುದಿಲ್ಲ. “ನಿಮ್ದು ಬರ್ತಾ ಇಲ್ಲಮ್ಮ, ಮಗಳನ್ನ ಕಳಿಸಿ” ಅಂತಾರೆ. ಆ ಪಾಠದ ದಿನ ಹೆಬ್ಬೆಟ್ಟು ಕೊಡಲು ನಾನು ಕ್ಯೂನಲ್ಲಿ ನಿಂತಿದ್ದೆ.

ಶನಿವಾರ ಅಮ್ಮಿ ಶೆಡ್ಡಿಗೆ ರಜೆ ಹೇಳಿ ಸಭೆಗೆ ಬರುತ್ತಾಳೆ. ಜನರ ಮುಂದೆ ಅವಳು ಕೈಗಳನ್ನು ಬುರ್ಖಾದೊಳಗೇ ಇಟ್ಟುಕೊಳ್ಳುತ್ತಾಳೆ. ನಾನು ಓದಿದರೆ ಎಲ್ಲರೂ ಆ ಕೈ ನೋಡುತ್ತಾರೆ. ದಯವಿಟ್ಟು ಬೇರೆಯವರಿಂದ ಓದಿಸಿ, ನನ್ನ ಅಂಕ ಬೇಕಾದರೆ ತೆಗೆದುಬಿಡಿ. ಸಭೆಯ ಪುಸ್ತಕಕ್ಕೆ ಅಮ್ಮಿಯ ಹೆಬ್ಬೆಟ್ಟು ಕೇಳಬೇಡಿ, ಪೆನ್ನು ಕೊಡಿ. ಹೆಸರು ಬರೆಯುವುದನ್ನು ಕಲಿಸಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಸಂಜೆ ನಾನು ಆ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುವಾಗ ಅಮ್ಮಿ “ಏನೂ ಉರಿಯಲ್ಲ ಬೇಟಿ” ಅನ್ನುತ್ತಾಳೆ. ಇದಕ್ಕೆ ಏನನ್ನುತ್ತಾರೆ ಮಿಸ್? ನೀವು ಬರೆಸಿದ ಅಲಂಕಾರಗಳ ಪಟ್ಟಿಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ.

ನಿಮ್ಮ ಹತ್ತನೇ ‘ಬಿ’ ತರಗತಿಯ
ಸಾಬ್ರೀನ್
ಶಿಡ್ಲಘಟ್ಟ