ಮುಂದಿನ ಭಾನುವಾರದ ಉತ್ತರ

ಬಸವನಗುಡಿ
೨೨ ಆಗಸ್ಟ್ ೧೯೯೯, ಭಾನುವಾರ

ಚಿರಂಜೀವಿ ಶ್ರೀಹರಿಗೆ ಅಣ್ಣ ಬದರೀನಾರಾಯಣನ ಆಶೀರ್ವಾದಗಳು.

ಚುನಾವಣಾ ಪ್ರಚಾರಕ್ಕೆಂದು ಊರೂರು ತಿರುಗುತ್ತಿರುವ ನಿನ್ನ ಗಂಟಲು ಹೇಗಿದೆ? ಜ್ಯೇಷ್ಠಮಧುವಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡಿರು. ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಲ್ಲಿ ನಾನು ನಿನಗೆ ಹೇಳಿಕೊಟ್ಟ ಉಪಾಯವೇ ಅದು. ಇಲ್ಲಿ ನಾನು, ನಿನ್ನ ಅತ್ತಿಗೆ ಗೋದಾ ಹೇಗೋ ಇದ್ದೇವೆ. ಬರುವ ತಿಂಗಳಿಗೆ ನಮ್ಮ ಆಕರ್ಷ ಹೋಗಿ ವರ್ಷವಾಗುತ್ತದೆ.

ಮೊನ್ನೆ ಗವಿಪುರದ ನಿನ್ನ ಸಭೆಗೆ ನಾನು ಬಂದಿದ್ದೆ. ತಮ್ಮನ ಭಾಷಣ ಕೇಳುವ ಹೆಮ್ಮೆಯಿಂದಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಸರ್ಕಾರಿ ಕಾರ್ಖಾನೆಗಳನ್ನು ಖಾಸಗಿಯವರಿಗೆ ಮಾರುವುದೇ ಲೇಸೆಂದು ನೀನು ವಾದಿಸಿದ ಕ್ರಮ ಅಚ್ಚುಕಟ್ಟಾಗಿತ್ತು. ಆಮೇಲೆ ನನ್ನ ಮಗನನ್ನು ಎಳೆದು ತಂದೆ. "ನಮ್ಮಣ್ಣನ ಮಗನೂ ಕೆಂಪು ಬಾವುಟ ಹಿಡ್ಕೊಂಡು ಗಾಂಧಿ ಬಜಾರಲ್ಲಿ ಕೂಗ್ತಿದ್ದೋನೇ. ಪಾಪ, ಬದುಕಿದ್ದಿದ್ರೆ ಒಂದು ಮದುವೆ, ಒಂದು ಸೈಟು... ತಾನಾಗೇ ನಮ್ಮ ಕಡೆ ಬಂದ್ಬಿಡ್ತಿದ್ದ!" ಜನ ನಕ್ಕರು. ನೀನೂ ನಕ್ಕೆ.

ಇಪ್ಪತ್ತರ ಹರೆಯದಲ್ಲಿ ನಾವಿಬ್ಬರೂ ಅವನಂತೆಯೇ ಮಾತಾಡುತ್ತಿದ್ದೆವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸಂಬಳ, ಮನೆ, ಮಕ್ಕಳ ಶಾಲೆ ಬಂದಂತೆ ನಮ್ಮ ದನಿ ತಗ್ಗಿತು, ಅಭಿಪ್ರಾಯಗಳೂ ಬದಲಾದವು. ಅದು ಬುದ್ಧಿ ಬಲಿತದ್ದೋ, ಮೈ ದಣಿದದ್ದೋ, ನನಗೆ ಇಂದಿಗೂ ತೀರ್ಮಾನವಾಗಿಲ್ಲ. ಆದರೆ ಬದಲಾದವರು ನಾವೇ. ನಮ್ಮ ಪರವಾಗಿ ಇನ್ನೊಬ್ಬರು ಬದಲಾಗಲಿಲ್ಲ. ಇಪ್ಪತ್ತೆರಡಕ್ಕೆ ಜ್ವರದಲ್ಲಿ ಹೋದ ಹುಡುಗನಿಗೆ ನೀನು ಒಂದು ಸಂಜೆಯಲ್ಲಿ ನಲವತ್ತು ತುಂಬಿಸಿಬಿಟ್ಟೆ. ಎದುರಾಳಿ ಆಡದ ಮಾತನ್ನು ಅವನ ಬಾಯಿಗೆ ತುರುಕಿದವನಿಗೆ ನಮ್ಮ ಸ್ಪರ್ಧೆಗಳಲ್ಲಿ ಅಂಕ ಕಳೆಯುತ್ತಿದ್ದರು. ಅದನ್ನು ನಿನಗೆ ಕಲಿಸಿದವನೂ ನಾನೇ. ಬೇರೆ ಯಾರು ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆ. ನೀನು ಅವನ ಚಟ್ಟಕ್ಕೆ ಹೆಗಲು ಕೊಟ್ಟವನು.

ಮನೆಗೆ ಬಂದೊಡನೆ ನಿನ್ನ ಅತ್ತಿಗೆ, "ಶ್ರೀಹರಿ ಚೆನ್ನಾಗಿ ಮಾತಾಡಿದ್ನಾ?" ಎಂದು ಕೇಳಿದಳು. ಹೂಂ ಎಂದೆ. ಬೇರೆಯವರಿಂದ ಅವಳ ಕಿವಿಗೆ ಬೀಳುವ ಮುನ್ನ ನೀನೇ ಬಂದು ಹೇಳು. ಇನ್ನೊಂದು ಸಭೆಯಲ್ಲಿ ಅವನ ಹೆಸರೆತ್ತಿದರೆ ಮಾತ್ರ ಈ ಮನೆಯ ಮೆಟ್ಟಿಲು ಹತ್ತಬೇಡ. ವರ್ಷದ ಕಾರ್ಯಕ್ಕೂ ಬೇಡ.

ಸೌಭಾಗ್ಯವತಿ ಸುಪ್ರಜಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಹಿರಿಯನಾಗಿ ಹುಟ್ಟಿದ್ದರಿಂದ, ನಿನಗೂ.

ಇಂತು ನಿನ್ನ ಅಣ್ಣ,
ಬದರೀನಾರಾಯಣ

ಮೇಲೆ ಬರೆಯದೆ ಬಿಟ್ಟದ್ದು: ನಾನು ನಿನ್ನ ಎದುರು ಪಕ್ಷದವನೆಂದು ತಿಳಿಯಬೇಡ. ಹಿಂದಿನ ಎರಡು ಚುನಾವಣೆಗಳಲ್ಲೂ ನನ್ನ ಓಟು ನಿಮಗೇ ಬಿದ್ದಿದೆ. ಭಾನುವಾರ ಕಾಫಿಯಾದ ಮೇಲೆ ಅಪ್ಪ ಮಗ ವಾದಕ್ಕೆ ಕೂರುತ್ತಿದ್ದುದು, ಹೊತ್ತು ಮೀರಿದರೆ ಗೋದಾ ದೇವರಮನೆಯ ಗಂಟೆ ಬಾರಿಸುತ್ತಿದ್ದುದು ನಿನಗೆ ಗೊತ್ತು. ಕೊನೆಯ ಸಲ ಇದೇ ಕಾರ್ಖಾನೆಗಳ ವಿಷಯ. ನೀನು ಗವಿಪುರದಲ್ಲಿ ಹೇಳಿದ್ದನ್ನೇ ನಾನು ಅವನಿಗೆ ಹೇಳಿದ್ದೆ. ಅಷ್ಟರಲ್ಲಿ ಗಂಟೆ ಬಾರಿಸಿತು. "ಮುಂದಿನ ಭಾನುವಾರ ಉತ್ತರ ಕೊಡ್ತೀನಪ್ಪಾ, ರೆಡಿಯಾಗಿರಿ" ಎಂದು ನಗುತ್ತಾ ಎದ್ದುಹೋದ. ಬುಧವಾರ ಜ್ವರ ಬಂತು. ಆ ವಾದವನ್ನು ನಾನು ಗೆದ್ದಿಲ್ಲ, ಶ್ರೀಹರಿ. ನೀನು ಗೆಲ್ಲಿಸಬೇಡ.