ಸಾಲ್ಮನ್ ನದಿಯ ದಡದಲ್ಲಿ ಕಡಲೆಪುರಿ

ಪ್ರವಾಸ ಕಂಪನಿಗಳಿಗೆ ಪರವಾನಗಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಬರುವ ಶನಿವಾರ ಚಾಂಗಿ ವಿಮಾನ ನಿಲ್ದಾಣದಿಂದ ಹನ್ನೆರಡು ಜನರ ತಂಡವೊಂದು ಸಾಲ್ಮನ್ ಮೀನು ಹಿಡಿಯಲು ಅಲಾಸ್ಕಾಕ್ಕೆ ಹೊರಡುತ್ತಿದೆ. ಅದರಲ್ಲಿ ನನ್ನ ಮಗಳು ಸಂಹಿತಾ ಇದ್ದಾಳೆ, ಒಂಬತ್ತು ವರ್ಷದ ಮೊಮ್ಮಗಳು ಅದ್ವಿಕಾ ಇದ್ದಾಳೆ. ಅವರು ಇಳಿಯುವ ದಡದಲ್ಲಿ ಒಂದು ಕರಡಿ ಕಾಯುತ್ತಿದೆ. ಕಾಯುವುದನ್ನು ಅದಕ್ಕೆ ಕಲಿಸಿದವನು ನಾನೇ. ತಂಡವನ್ನು ತಡೆಯಿರಿ ಎಂದು ತಮಗೆ ಮೂರು ಬಾರಿ ಬರೆದೆ. ಮೂರು ಬಾರಿಯೂ ತಮ್ಮ ಕಂಪ್ಯೂಟರ್ ನನಗೆ ಧನ್ಯವಾದ ಹೇಳಿತು. ಆದ್ದರಿಂದ ಈಗ ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ.

ಹುಳಿ ಅನ್ನ ತಿನ್ನುವವರಿಗೆ ಮೀನು ಹಿಡಿಯುವ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೆರಂಗೂನಿನ ಕಾಂಡೋ ಫ್ಲಾಟ್ ಒಂದರಲ್ಲಿ ಯುಗಾದಿ ಊಟ ಮುಗಿಯುತ್ತಿದ್ದಂತೆ, ಈ ಪ್ರವಾಸ ಕಂಪನಿ ನಡೆಸುವ ಸುಹಾಸ್ ಎಂಬಾತ ಲ್ಯಾಪ್‌ಟಾಪ್ ತೆರೆದ. "ಕೊಲ್ಲೋದೇ ಬೇಡ ಅಂಕಲ್. ಹಿಡೀರಿ, ಫೋಟೋ ತೆಗೆಸ್ಕೊಳ್ಳಿ, ವಾಪಸ್ ನೀರಿಗೆ ಬಿಡಿ. ಪ್ಯೂರ್ ವೆಜ್ ಫಿಶಿಂಗ್!" ಎಂದ. ಪಾಪವೂ ಹತ್ತದೆ ಮೀನೂ ಸಿಗುವ ಸ್ಕೀಮನ್ನು ಯಾರು ಬಿಟ್ಟಾರು? ಜುಲೈನಲ್ಲಿ ನಾನೂ ಹೆಂಡತಿ ಶಕುಂತಲೆಯೂ ಹೊರಟೇಬಿಟ್ಟೆವು.

ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ನಮ್ಮನ್ನು ಯಾವುದೋ ನದಿಯ ದಡಕ್ಕೆ ತಂದುಹಾಕಿತು. ಅಲ್ಲಿನ ಗೈಡ್ ವಯಸ್ಸಾದ ಮನುಷ್ಯ. ಕರಡಿಗೆ ವಾಸನೆ ಸಿಗದಂತೆ ತಿಂಡಿ ಎನ್ನುವುದೆಲ್ಲ ಈ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು ಎಂದು ಬೆರಳು ತೋರಿಸಿ ಹೇಳಿದ. ಚಕ್ಕುಲಿ ಇಟ್ಟೆವು, ಕೋಡುಬಳೆ ಇಟ್ಟೆವು. ಕಡಲೆಪುರಿ ಇಡಲಿಲ್ಲ. ಅದು ತಿಂಡಿಯಲ್ಲವಲ್ಲ, ಮೀನಿಗೆಂದು ತಂದದ್ದು! ಶೃಂಗೇರಿಗೆ ಹೋದವರು ತುಂಗೆಯ ಮೀನಿಗೆ ಪುರಿ ಹಾಕದೆ ಬರುವುದುಂಟೆ? ಗಾಳ ಹಾಕಿ ಬಾಯಿಗೆ ನೋವು ಮಾಡುವ ಮೊದಲು ಒಂದು ಹಿಡಿ ತಿನ್ನಿಸೋಣ ಎಂದು ಶಕುಂತಲೆ ಲಿಟಲ್ ಇಂಡಿಯಾದಿಂದ ಎರಡು ಕಿಲೋ ಹೊತ್ತು ತಂದಿದ್ದಳು. ಜೊತೆಗೆ ಹುರಿಗಡಲೆ, ಬೆಲ್ಲದ ಪುಡಿ.

ಹಾಕಿದೆ. ಒಂದು ಮೀನೂ ಬಾಯಿ ತೆರೆಯಲಿಲ್ಲ. ಮೊಟ್ಟೆಯಿಟ್ಟು ಸಾಯಲೆಂದೇ ಕಡಲಿನಿಂದ ನದಿಗೆ ಬರುವ ಸಾಲ್ಮನ್ ಏನನ್ನೂ ತಿನ್ನುವುದಿಲ್ಲವಂತೆ. ಇದು ಆಮೇಲೆ ತಿಳಿಯಿತು. ಪುರಿಯೆಲ್ಲ ತೇಲಿಬಂದು ದಡದ ಕಲ್ಲಿಗೆ ಅಂಟಿತು. ಪೊದೆಯಿಂದ ಕರಡಿ ಹೊರಬಂತು. ಒಂದೊಂದೇ ಕಲ್ಲನ್ನು ನೆಕ್ಕಿತು. ಕಾಲ ಬಳಿಯೇ ಮೀನು ಹಾರುತ್ತಿದ್ದರೂ ಅತ್ತ ತಿರುಗದೆ, ತಲೆಯೆತ್ತಿ ಶಕುಂತಲೆಯ ಕೈಚೀಲವನ್ನು ನೋಡಿತು. ಅಯ್ಯೋ, ಆ ನೋಟ! ಗೈಡ್ ನಮಗೂ ಅದಕ್ಕೂ ನಡುವೆ ನಿಂತು ನಮ್ಮನ್ನು ಮೀನು ಹಿಡಿಯುವ ದೋಣಿಗೆ ತಳ್ಳಿದ. ಮೀನು ತಿನ್ನುವ ಕರಡಿಗೆ ತಾನು ಹೆದರುವುದಿಲ್ಲ, ಚೀಲ ನೋಡುವ ಕರಡಿಗೆ ಹೆದರುತ್ತೇನೆ, ಇನ್ನು ಈ ದಡಕ್ಕೆ ಯಾರನ್ನೂ ತರಬಾರದು ಎಂದ.

ಕಂಪನಿ ಏನು ಮಾಡಿತು ಗೊತ್ತೆ? ಅತಿಥಿಗಳನ್ನು ಹೆದರಿಸಿದನೆಂದು ಗೈಡ್‌ನನ್ನು ಕೆಲಸದಿಂದ ಬಿಡಿಸಿತು. "ಕರಡಿ ದರ್ಶನ ಗ್ಯಾರಂಟಿ" ಎಂದು ಬ್ರೋಷರ್ ಅಚ್ಚು ಹಾಕಿಸಿತು. ಆಗಸ್ಟ್ ತಂಡಕ್ಕೆ ತಲೆಗೊಂದು ಪುರಿ ಪೊಟ್ಟಣ ಹಂಚಿತು. ಅವರ ವಿಡಿಯೋ ನೋಡಿದೆ. ನಮ್ಮಿಂದ ಮೂವತ್ತು ಹೆಜ್ಜೆ ದೂರವಿದ್ದ ಕರಡಿ ಅವರಿಂದ ಹತ್ತು ಹೆಜ್ಜೆಯಲ್ಲಿತ್ತು. ಅಷ್ಟೇ ಅಲ್ಲ, ಯಾರೂ ಪೊಟ್ಟಣ ಬಿಚ್ಚುವ ಮೊದಲೇ, ವಿಮಾನ ಇಳಿಯುವಾಗಲೇ ಅದು ದಡದಲ್ಲಿ ಬಂದು ಕೂತಿತ್ತು. ರುಚಿ ಕಂಡ ಬೆಕ್ಕು ಅನ್ನುತ್ತೇವೆ. ಇಲ್ಲಿ ರುಚಿ ಕಂಡಿರುವುದು ಬೆಕ್ಕಲ್ಲ, ಸ್ವಾಮಿ.

ಮಗಳಿಗೆ ಹೇಳಲಿಲ್ಲವೆ? ಗಂಟಲು ಹರಿಯುವಂತೆ ಹೇಳಿದೆ. "ಅಪ್ಪ, ಬ್ರೋಷರ್‌ನಲ್ಲಿ ಕರಡಿ ಮುಂದೆ ಹಲ್ಲು ಬಿಟ್ಕೊಂಡು ನಿಂತಿರೋದು ನೀವೇ ತಾನೆ? ಆಗ ಎಂಜಾಯ್ ಮಾಡಿ ಈಗ ನಮಗೆ ಕ್ಯಾನ್ಸಲ್ ಮಾಡು ಅಂತೀರಾ?" ಎಂದಳು. ಅದು ನಗುವಲ್ಲಮ್ಮ, ಭಯಕ್ಕೆ ಕಿಸಿದ ಹಲ್ಲು ಎಂದರೆ ಅಳಿಯನೂ ಸೇರಿ ನಕ್ಕ.

ವಿದೇಶದ ನದಿ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ತಮ್ಮ ಕಚೇರಿ ಫೋನಿನಲ್ಲಿ ವಿವರಿಸಿತು. ಸರಿ, ನದಿ ಬರುವುದಿಲ್ಲ. ಪರವಾನಗಿ ಬರುತ್ತದೆಯೋ ಇಲ್ಲವೋ? ಅಲಾಸ್ಕಾದ ವನ್ಯಜೀವಿ ಕಚೇರಿಗೂ ಬರೆದೆ. ನನ್ನ ಮುಖ ಕಾಣದ ಆ ಜನ ಮರುದಿನವೇ ಕೇಳಿದರು: ಯಾವ ನದಿ, ಯಾವ ದಡ? ನನಗೆ ಗೊತ್ತಿಲ್ಲ. ಗೊತ್ತಿರುವ ಸುಹಾಸ್, "ಅದು ನಮ್ಮ ಬಿಸಿನೆಸ್ ಸೀಕ್ರೆಟ್ ಅಂಕಲ್" ಎನ್ನುತ್ತಾನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ತಮ್ಮ ಪದ್ಧತಿಯೇ ಆಗಿದ್ದರೆ ಈ ಒಂದು ಸಲ ಅದನ್ನು ಮುರಿಯಿರಿ.

ನಿನ್ನೆ ಸಂಜೆ ಅದ್ವಿಕಾ ಕ್ಲೆಮೆಂಟಿಯ ನಮ್ಮ ಮನೆಗೆ ಬಂದಿದ್ದಳು. ಪೆನ್ಸಿಲ್ ಬಾಕ್ಸ್ ಖಾಲಿ ಮಾಡಿ ಅದರ ತುಂಬ ಪುರಿ ತುಂಬಿಕೊಂಡಿದ್ದಳು. "ತಾತ, ಇದು ಸ್ನ್ಯಾಕ್ ಅಲ್ಲ ಅಲ್ವಾ? ಆ ಕಬ್ಬಿಣದ ಪೆಟ್ಟಿಗೇಲಿ ಇಡೋದು ಬೇಡ ಲಾ. ನಾನು ಕರಡಿಗೆ ಕೈಯಲ್ಲೇ ಕೊಡ್ತೀನಿ" ಎಂದಳು. ಕಿತ್ತುಕೊಂಡು ಕಸಕ್ಕೆ ಸುರಿದೆ. ಅತ್ತುಕೊಂಡು ಹೋದಳು. ಶನಿವಾರ ಕಂಪನಿಯವರೇ ಅವಳ ಕೈಗೆ ಹೊಸ ಪೊಟ್ಟಣ ಕೊಡುತ್ತಾರೆ.

ಶುಕ್ರವಾರ ಕಚೇರಿ ಮುಚ್ಚುವುದರೊಳಗೆ ಆ ತಂಡವನ್ನು ತಡೆಯಿರಿ. ದಡದ ಗುರುತನ್ನು ಸುಹಾಸನಿಂದ ಪಡೆದು ಅಲಾಸ್ಕಾದವರಿಗೆ ತಿಳಿಸಿರಿ. ನನ್ನ ಮಾತನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ. ತಮ್ಮ ಮೊಹರನ್ನು ನಂಬುತ್ತಾರೆ.

ಇಂತಿ,
ಬ್ರೋಷರ್‌ನ ನಾಲ್ಕನೇ ಪುಟದಲ್ಲಿ ಹಲ್ಲು ಕಿಸಿದು ನಿಂತಿರುವ,
ಅಶ್ವತ್ಥನಾರಾಯಣ
ಅದ್ವಿಕಾಳ ತಾತ